ಮ್ಯಾಡಿಸನ್ ನಗರದ ಸರೋವರಗಳು ಮತ್ತು ಬೀದಿಬದಿಯ ತರಗೆಲೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಾಜಧಾನಿ ಮ್ಯಾಡಿಸನ್, ಮೆಂಡೋಟಾ ಮತ್ತು ಮೊನೋನಾ ಎಂಬ ಎರಡು ಸರೋವರಗಳ ನಡುವಿನ ಕಿರಿದಾದ ನೆಲಪಟ್ಟಿಯ ಮೇಲೆ ಬೆಳೆದ ನಗರ. ಇಷ್ಟು ಅಚ್ಚುಕಟ್ಟಾದ ಊರಿನಲ್ಲಿ ಬೀದಿಯ ಮಳೆನೀರೂ ಎಲ್ಲಿಯೋ ಶುದ್ಧಗೊಂಡೇ ಸರೋವರ ಸೇರುತ್ತಿರಬೇಕೆಂದು ಹೊಸದಾಗಿ ಬಂದವರು ಊಹಿಸುವುದು ಸಹಜ. ವಾಸ್ತವ ಹಾಗಿಲ್ಲ. ಇಲ್ಲಿ ಮನೆಗಳ ಕೊಳಚೆಗೆ ಒಂದು ಕೊಳವೆ, ಮಳೆನೀರಿಗೆ ಇನ್ನೊಂದು. ಕೊಳಚೆಯನ್ನು ಶುದ್ಧೀಕರಿಸಿದ ಬಳಿಕವೂ ಸರೋವರಗಳಿಗೆ ಬಿಡುವುದಿಲ್ಲ. 1958ರಿಂದ ಅದನ್ನು ಪಂಪ್ ಮಾಡಿ, ಸರೋವರಗಳನ್ನು ತಪ್ಪಿಸಿ ಬ್ಯಾಡ್‌ಫಿಶ್ ಎಂಬ ತೊರೆಗೆ ಸಾಗಿಸಲಾಗುತ್ತಿದೆ. ರಾಜಕಾಲುವೆಯ ಕೊಳಚೆಯಿಂದ ಬೆಳ್ಳಂದೂರು ಕೆರೆ ನೊರೆಯೆದ್ದುದನ್ನು ಕಂಡ ನಮಗೆ ಅಲ್ಲಿಗೆ ಕಥೆ ಮುಗಿಯಿತೆನಿಸಬಹುದು. ಆದರೆ ಬೀದಿಯ ಮೇಲೆ ಬಿದ್ದ ಮಳೆ ಮಾತ್ರ ಬಹುಮಟ್ಟಿಗೆ ಯಾವ ಶುದ್ಧೀಕರಣವೂ ಇಲ್ಲದೆ ನೇರವಾಗಿ ಸರೋವರಕ್ಕೆ ಇಳಿಯುತ್ತದೆ.

ಆ ನೀರು ಹೊತ್ತು ತರುವ ಮುಖ್ಯ ಮಾಲಿನ್ಯ ರಂಜಕ, ಅಂದರೆ ಫಾಸ್ಫರಸ್. ಅದು ಹೆಚ್ಚಾದರೆ ಬೇಸಿಗೆಯಲ್ಲಿ ನೀಲಿ-ಹಸಿರು ಪಾಚಿ ಹಬ್ಬಿ, ಈಜುವ ತೀರಗಳನ್ನು ಮುಚ್ಚಬೇಕಾಗುತ್ತದೆ. ಮೆಂಡೋಟಾಕ್ಕೆ ಸೇರುವ ರಂಜಕದ ದೊಡ್ಡ ಪಾಲು ಉತ್ತರದ ಹೊಲಗಳಿಂದಲೂ ಹೈನುಗಾರರ ಸಗಣಿ ಗೊಬ್ಬರದಿಂದಲೂ ಬರುವುದೆಂಬುದು ನಿಜ. ಹಾಗೆಂದು ನಗರ ಕೈತೊಳೆದುಕೊಂಡು ಕೂತಿಲ್ಲವೆಂಬುದು ನನಗೆ ಮೆಚ್ಚುಗೆಯಾದ ಸಂಗತಿ. ಹುಲ್ಲುಹಾಸಿಗೆ ರಂಜಕವಿರುವ ರಸಗೊಬ್ಬರ ಹಾಕುವುದಕ್ಕೆ ಈ ಜಿಲ್ಲೆಯಲ್ಲಿ ಮೊದಲು ನಿರ್ಬಂಧ ಬಂದು, 2010ರಲ್ಲಿ ಅದು ಇಡೀ ರಾಜ್ಯಕ್ಕೆ ವಿಸ್ತರಿಸಿತು.

ಅಚ್ಚರಿಯೆಂದರೆ, ನಗರದೊಳಗಿನ ರಂಜಕದ ಬಹುದೊಡ್ಡ ಮೂಲ ಮರಗಳ ತರಗೆಲೆ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ ಇದೇ ಊರಿನ ವಸತಿ ಬಡಾವಣೆಗಳಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎಲೆಯನ್ನು ಹಾಗೆಯೇ ಬಿಟ್ಟ ಬೀದಿಗಳಲ್ಲಿ, ಚಳಿಗಾಲವನ್ನು ಬಿಟ್ಟರೆ, ವರ್ಷದ ರಂಜಕದ 56 ಪ್ರತಿಶತದಷ್ಟು ಶರತ್ಕಾಲವೊಂದರಲ್ಲೇ ಹರಿದುಹೋಗುತ್ತದೆ. ಮಳೆಗೆ ಮುಂಚೆ ಎಲೆ ತೆಗೆದು ಗುಡಿಸಿದ ಬೀದಿಗಳಲ್ಲಿ ಆ ಪ್ರಮಾಣ 16 ಪ್ರತಿಶತಕ್ಕೆ ಇಳಿಯಿತು. ರಸ್ತೆಯಂಚಿನಲ್ಲಿ ಬಿದ್ದ ಎಲೆ ವಾಹನಗಳಡಿ ಪುಡಿಯಾಗಿ, ಮಳೆ ತಾಗಿದೊಡನೆ ಕಷಾಯದಂತೆ ತನ್ನ ಸಾರವನ್ನು ಬಿಟ್ಟುಕೊಡುತ್ತದೆ. ಹೀಗೆ ಕರಗಿದ ರಂಜಕವನ್ನು, ಮಣ್ಣು ತಳಕ್ಕೆ ಇಳಿಯಲೆಂದು ಅಲ್ಲಲ್ಲಿ ತೋಡಿರುವ ಕೊಳಗಳು ಹಿಡಿದಿಡಲಾರವು. ಆದುದರಿಂದ ಅದು ಕರಗುವ ಮುನ್ನವೇ ಎಲೆಯನ್ನು ಎತ್ತಬೇಕು. ಅಕ್ಟೋಬರ್-ನವೆಂಬರ್‌ನಲ್ಲಿ ನಗರಸಭೆಯ ವಾಹನಗಳು ಎಲೆರಾಶಿಯನ್ನು ಒಯ್ಯುತ್ತವೆ. ಅದನ್ನು ರಸ್ತೆಗೆ ತಳ್ಳದೆ ಕಾಲುದಾರಿಯ ಪಕ್ಕದ ಹುಲ್ಲಿನ ಪಟ್ಟಿಯ ಮೇಲೆ ಒಟ್ಟಬೇಕೆಂಬುದು ನಿಯಮ. ಆದರೆ ಪ್ರತಿ ಮಳೆಗೂ ಮುಂಚೆ ಪ್ರತಿ ಬೀದಿಗೂ ವಾಹನ ಬರುವುದು ಅಸಾಧ್ಯ. ಹಾಗಾಗಿ, ಬಯಸಿದವರ ಮೊಬೈಲಿಗೆ ದೊಡ್ಡ ಮಳೆಯ ಮುನ್ಸೂಚನೆ ಬರುತ್ತದೆ. ಜನ ಕುಂಟೆ ಹಿಡಿದು ತಮ್ಮ ಮನೆ ಮುಂದಿನ ರಸ್ತೆಯಂಚನ್ನು ತಾವೇ ಬರಿದು ಮಾಡುತ್ತಾರೆ. ಎಲ್ಲರೂ ಮಾಡುತ್ತಾರೆಂದು ಹೇಳಿದರೆ ಅತಿಶಯೋಕ್ತಿಯಾದೀತು.

ಮಳೆನೀರಿನ ಈ ಎಲ್ಲ ಕೆಲಸಗಳ ಖರ್ಚಿಗಾಗಿ 2001ರಿಂದ ಮಳೆನೀರಿನ ಪ್ರತ್ಯೇಕ ಶುಲ್ಕವಿದೆ. ನಿವೇಶನದಲ್ಲಿ ನೀರು ಇಂಗದ ಜಾಗ, ಅಂದರೆ ಚಾವಣಿ, ಕಾಂಕ್ರೀಟು, ಡಾಂಬರು, ಎಷ್ಟು ಹೆಚ್ಚೋ ಶುಲ್ಕವೂ ಅಷ್ಟು ಹೆಚ್ಚು. ಇದು ತೆರಿಗೆಯಲ್ಲವಾದ್ದರಿಂದ ತೆರಿಗೆ ವಿನಾಯಿತಿ ಪಡೆದ ಚರ್ಚುಗಳೂ ವಿಶ್ವವಿದ್ಯಾಲಯವೂ ಕಟ್ಟಲೇಬೇಕು. 2018ರ ಆಗಸ್ಟ್ 20ರಂದು ನಗರದ ಪಶ್ಚಿಮ ಭಾಗದಲ್ಲಿ ಹತ್ತು ಅಂಗುಲಕ್ಕೂ ಮಿಗಿಲಾಗಿ ಮಳೆ ಸುರಿದು ಪ್ರವಾಹ ಬಂದ ಮೇಲೆ, ಜಲಾನಯನವಾರು ಅಧ್ಯಯನ ಕೈಗೊಂಡು, ಹೊಸ ಕಟ್ಟಡಗಳ ನಿಯಮಗಳನ್ನೂ ಬಿಗಿಗೊಳಿಸಲಾಗಿದೆ.

ಇನ್ನೂ ಉತ್ತರ ಸಿಗದಿರುವುದು ಉಪ್ಪಿನ ಪ್ರಶ್ನೆಗೆ. ಚಳಿಗಾಲದಲ್ಲಿ ಮಂಜುಗಡ್ಡೆ ಕರಗಿಸಲು ರಸ್ತೆಗೆ ಎರಚುವ ಉಪ್ಪು ಸರೋವರ ಸೇರಿದರೆ ಅದನ್ನು ಬೇರ್ಪಡಿಸುವ ಕಾರ್ಯಸಾಧ್ಯ ದಾರಿಯಿಲ್ಲ. ಕಡಿಮೆ ಬಳಸುವುದೊಂದೇ ಉಪಾಯ. ನಗರಸಭೆ ಉಪ್ಪನ್ನು ಮುಖ್ಯರಸ್ತೆಗಳಿಗೆ ಮತ್ತು ಬಸ್ಸಿನ ಮಾರ್ಗಗಳಿಗೆ ಸೀಮಿತಗೊಳಿಸಿ, ಒಳರಸ್ತೆಗಳಿಗೆ ಅಗತ್ಯ ಬಿದ್ದಾಗ ಮರಳು ಹಾಕುತ್ತದೆ. ಒಳರಸ್ತೆಯವರು ಜಾರುತ್ತದೆಂದು ಗೊಣಗುತ್ತಾರೆ, ಜನವರಿಯ ಬೆಳಗ್ಗೆ ನಾನೂ ಗೊಣಗುತ್ತೇನೆ. ಅಂಗಡಿ ಮತ್ತು ಕಚೇರಿಗಳ ವಾಹನ ನಿಲ್ದಾಣಗಳ ಕಥೆಯೇ ಬೇರೆ: ಯಾರಾದರೂ ಜಾರಿ ಬಿದ್ದು ಮೊಕದ್ದಮೆ ಹೂಡಿಯಾರೆಂಬ ಭಯದಿಂದ ಅಲ್ಲಿ ಬೇಕಾದುದಕ್ಕಿಂತ ಎಷ್ಟೋ ಹೆಚ್ಚು ಉಪ್ಪು ಬೀಳುತ್ತದೆ, ಮತ್ತು ಕರಗಿದ ಆ ನೀರೂ ಇದೇ ಕೊಳವೆಗಳಲ್ಲಿ ಹರಿದು ಸರೋವರ ಸೇರುತ್ತದೆ.