ಪುಸ್ತಕ ಕಟ್ಟುವ ಕೆಲಸ: ಸಾಲವಿಲ್ಲದೆ ಯಂತ್ರ ಕೊಳ್ಳುವತ್ತ

ಹಳೆಯ ಬೈಬಲ್ ಮತ್ತು ಗೀತಪುಸ್ತಕಗಳನ್ನು ಬಿಚ್ಚಿ, ಹೊಲಿದು, ಹೊಸ ರಟ್ಟು ಹಾಕಿ ಕೊಡುವ ನನ್ನ ಹವ್ಯಾಸವು ಚಿಕ್ಕ ಉದ್ದಿಮೆಯಾಗುವ ಹಂತಕ್ಕೆ ಬಂದು ನಿಂತಿದೆ. ಮಂಗಳೂರಿನ ಬಲ್ಮಠದ ಆಸುಪಾಸಿನ ಮನೆಗಳಿಂದ ಪುಸ್ತಕಗಳು ಬರುತ್ತಲೇ ಇವೆ, ಕಾಲೇಜು ವಿದ್ಯಾರ್ಥಿಗಳ ಪ್ರಬಂಧಗಳೂ ಬರತೊಡಗಿವೆ. ಅಷ್ಟೆಲ್ಲದರ ಅಂಚನ್ನು ಕೈಯಲ್ಲೇ ಕತ್ತರಿಸಿ ಮುಗಿಸುವುದು ಇನ್ನು ಆಗದ ಮಾತಾದ್ದರಿಂದ, ಕಾಗದ ಕತ್ತರಿಸುವ ಯಂತ್ರವೊಂದು ಬೇಕಾಗಿದೆ. ಅದನ್ನು ಸಾಲ ಮಾಡದೆ ಕೊಳ್ಳುವುದೆಂದು ನಿರ್ಧರಿಸಿದ್ದೇನೆ. ಆ ಪ್ರಯತ್ನ ಎಲ್ಲಿಗೆ ಬಂತು ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಮೊದಲು ಕೆಲಸದ ವಿಚಾರ. ಮಳೆಗಾಲದಲ್ಲಿ ಮಂಗಳೂರಿನ ಹವೆಗೆ ಅಂಟು ಬೇಗ ಒಣಗುವುದಿಲ್ಲ. ಮೈದಾ ಅಂಟನ್ನು ಕುದಿಸುವಾಗ ಚಿಟಿಕೆ ಮೈಲುತುತ್ತ ಸೇರಿಸಿದರೆ ಹುಳ ಮತ್ತು ಬೂಷ್ಟು ದೂರವಿರುತ್ತವೆ, ಆದರೆ ತೇವಕ್ಕೆ ಅದು ಮದ್ದಲ್ಲ. ಹೀಗಾಗಿ ರಟ್ಟು ಅಂಟಿಸಿದ ಪುಸ್ತಕದ ಎರಡೂ ಕಡೆಯ ಒಳಹಾಳೆಗಳ ನಡುವೆ ಹಳೆಯ ವೃತ್ತಪತ್ರಿಕೆಯ ತುಂಡುಗಳನ್ನು ಇಟ್ಟು, ಬಟ್ಟೆ ಸುತ್ತಿದ ಕೆಂಪುಕಲ್ಲನ್ನು ಮೇಲೆ ಹೇರಿ, ಆ ಕಾಗದವನ್ನು ಬೆಳಿಗ್ಗೆ ಸಂಜೆ ಬದಲಾಯಿಸುತ್ತಿರಬೇಕು. ಹಾಗೆ ಮಾಡದಿದ್ದರೆ ರಟ್ಟು ಬಾಗಿಬಿಡುತ್ತದೆ. ಹೊಲಿಗೆಯ ಕೆಲಸವನ್ನು ನೆರೆಮನೆಯ ಅಕ್ಕ ವಹಿಸಿಕೊಂಡಿದ್ದಾರೆ. ಅವರು ವರ್ಷಗಟ್ಟಲೆ ಬೀಡಿ ಕಟ್ಟಿದವರು. ಫಾರ್ಮಿನ, ಅಂದರೆ ಒಟ್ಟಿಗೆ ಮಡಿಸಿದ ಹಾಳೆಗಳ ಕಟ್ಟಿನ, ಮಡಿಕೆಯ ನಡುವಿನಿಂದ ಸೂಜಿ ಹೊರತೆಗೆದು, ಕೆಳಗಿನ ಫಾರ್ಮಿನ ಹೊಲಿಗೆಗೆ ಸಿಕ್ಕಿಸಿ, ದಾರವನ್ನು ಕಾಗದ ಹರಿಯದಷ್ಟೇ ಬಿಗಿಯಾಗಿ ಎಳೆಯುವ ಅವರ ಬೆರಳಿನ ಅಂದಾಜು ನನಗಿನ್ನೂ ಬಂದಿಲ್ಲ.

ಯಂತ್ರದ ವಿಚಾರ ತಿಳಿದವರೆಲ್ಲ ಸಾಲದ ದಾರಿಯನ್ನೇ ತೋರಿಸಿದರು. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿಯವರೆಗೆ ಒತ್ತೆಯಿಲ್ಲದೆ ಸಾಲ ಸಿಗುತ್ತದೆ. ಯಂತ್ರ ಮಾರುವವರು ಕಂತಿನಲ್ಲಿ ಕೊಡಲು ಸಿದ್ಧರಿದ್ದಾರೆ. ಸಾಲವೇ ಪಾಪವೆಂದು ಬೈಬಲ್ ಎಲ್ಲಿಯೂ ಹೇಳುವುದಿಲ್ಲ ಎಂಬುದನ್ನು ನಾನು ಬಲ್ಲೆ: ಕೇಳಿಬಂದವನಿಗೆ ಇಲ್ಲವೆನ್ನಬೇಡ ಎಂದು ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿದೆ, ಬಡವನಿಗೆ ಕೊಟ್ಟ ಹಣಕ್ಕೆ ಬಡ್ಡಿ ಕೇಳಬಾರದೆಂದು ವಿಮೋಚನಕಾಂಡದ 22ನೇ ಅಧ್ಯಾಯ ವಿಧಿಸುತ್ತದೆಯೇ ಹೊರತು, ಕೊಡುವುದನ್ನೇ ತಡೆಯುವುದಿಲ್ಲ. ಆದರೆ ಸಾಲ ಪಡೆದವನು ಕೊಟ್ಟವನ ಸೇವಕನಾಗುತ್ತಾನೆ ಎಂದು ಜ್ಞಾನೋಕ್ತಿಗಳು 22:7 ಎಚ್ಚರಿಸುತ್ತದೆ. ಪ್ರೀತಿಯ ಋಣವೊಂದನ್ನು ಬಿಟ್ಟು ಬೇರೆ ಯಾವ ಋಣವೂ ನಿಮಗಿರಬಾರದು ಎಂದು ಪೌಲನು ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯದಲ್ಲಿ ಹೇಳುತ್ತಾನೆ. ಕಂತಿನ ದಿನ ಬಂದಾಗ ಬೇಡದ ಕೆಲಸವನ್ನೂ ಒಪ್ಪಿಕೊಂಡು, ಒಣಗದ ಪುಸ್ತಕವನ್ನೂ ಕೊಟ್ಟುಕಳುಹಿಸುವ ಒತ್ತಡ ಹುಟ್ಟುತ್ತದೆ. ನನ್ನ ಕೆಲಸಕ್ಕೆ ಯಜಮಾನನಾಗಿ ಅಂಥದ್ದೊಂದು ತಾರೀಖನ್ನು ತಂದು ಕೂರಿಸಲು ನನಗೆ ಮನಸ್ಸಿಲ್ಲ. ಸಂಬಳದ ಉದ್ಯೋಗವೂ ಸ್ವಂತ ಮನೆಯೂ ಇರುವುದರಿಂದ ನಾನು ಕಾಯಬಲ್ಲೆ. ಕಾಯಲಾಗದ ಕುಟುಂಬಕ್ಕೆ ಇದೇ ನಿಯಮವನ್ನು ಹೇರುವುದು ನ್ಯಾಯವಲ್ಲವೆಂದೂ ನಂಬುತ್ತೇನೆ.

ಹಣ ಕೂಡಿಸುವ ಕ್ರಮ ಸರಳವಾಗಿದೆ. ಪ್ರತಿ ಪುಸ್ತಕದ ಗಳಿಕೆಯಲ್ಲಿ ಸಾಮಾನಿನ ಖರ್ಚು ಮತ್ತು ಅಕ್ಕನ ಕೂಲಿ ಕಳೆದು ಉಳಿದುದರಲ್ಲಿ ದಶಮಾಂಶ, ಅಂದರೆ ಹತ್ತರಲ್ಲೊಂದು ಪಾಲು, ಚರ್ಚಿನ ಸಭೆಗೆ, ಮಿಕ್ಕದ್ದು ಪೂರ್ತಿ ಪಿಗ್ಮಿಗೆ. ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಲ್ಲೇ ಪಡೆಯುವ ಪಿಗ್ಮಿ ಠೇವಣಿಯನ್ನು 1928ರಲ್ಲಿ ಆರಂಭಿಸಿದ್ದು ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು. ಅದಕ್ಕೂ ಮೊದಲು, 1855ರಲ್ಲಿ, ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಹಣದ ಕೊರತೆ ತುಂಬಲು ಕಾರ್ಲ್ ಸರಾಸಿನ್ ಎಂಬವರು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ವಾರಕ್ಕೆ ಅರ್ಧ ಬಾಟ್ಸೆನ್ ನಾಣ್ಯದ ಸಂಗ್ರಹವನ್ನು ಆರಂಭಿಸಿದ್ದರು. ನಮ್ಮ ಮಂಗಳೂರಿನಲ್ಲಿ ಮುದ್ರಣಾಲಯವನ್ನೂ ನೇಯ್ಗೆಯನ್ನೂ ಜೆಪ್ಪುವಿನ ಹೆಂಚಿನ ಕಾರ್ಖಾನೆಯನ್ನೂ ಆರಂಭಿಸಿದ ಮಿಷನ್ನಿನ ಹಿಂದೆ ಅಂಥ ಸಾಮಾನ್ಯ ಜನರ ಬಿಡಿ ನಾಣ್ಯಗಳೂ ಇದ್ದವು ಎಂಬುದು ನನಗೆ ಧೈರ್ಯ ಕೊಡುವ ಸಂಗತಿ.

ನಾನು ಹೆಚ್ಚು ಯೋಚಿಸಿದ್ದು ಮುಂಗಡ ಮತ್ತು ಕೂಲಿಯ ಕುರಿತು. ಗಿರಾಕಿಯಿಂದ ಪೂರ್ತಿ ಹಣವನ್ನು ಮೊದಲೇ ಪಡೆದು ಅದರಿಂದ ಯಂತ್ರ ಕೊಂಡರೆ, ಬ್ಯಾಂಕಿನ ಬದಲು ಗಿರಾಕಿಗೆ ಸಾಲಗಾರನಾದೆನಷ್ಟೆ. ಆದ್ದರಿಂದ ರಟ್ಟು, ಕ್ಯಾಲಿಕೊ ಬಟ್ಟೆ, ದಾರಕ್ಕೆ ತಗಲುವಷ್ಟನ್ನು ಮಾತ್ರ ಮುಂಗಡವಾಗಿ ಪಡೆದು, ಪುಸ್ತಕ ಕೈಸೇರುವವರೆಗೆ ಅದನ್ನು ಗಳಿಕೆಯೆಂದು ಬರೆದುಕೊಳ್ಳುವುದಿಲ್ಲ. ಕೂಲಿಯ ವಿಷಯ ಇನ್ನೂ ಗಂಭೀರವಾದದ್ದು. ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡಬೇಕೆಂದು ಧರ್ಮೋಪದೇಶಕಾಂಡದ 24ನೇ ಅಧ್ಯಾಯ ಹೇಳುತ್ತದೆ. ಹಿಡಿದಿಟ್ಟ ಕೂಲಿ ಕೂಗಿಕೊಳ್ಳುತ್ತದೆ ಎಂದು ಯಾಕೋಬನು ತನ್ನ ಪತ್ರದಲ್ಲಿ ಶ್ರೀಮಂತರನ್ನು ಗದರಿಸುತ್ತಾನೆ. ಬ್ಯಾಂಕಿನಲ್ಲಿ ಒಂದು ರೂಪಾಯಿ ಸಾಲವಿಲ್ಲದ ಉದ್ದಿಮೆಯೂ ಕೆಲಸದವರ ಸಂಬಳ ತಡೆದು, ಸಾಮಾನು ಕೊಟ್ಟ ಅಂಗಡಿಯವರನ್ನು ತಿಂಗಳುಗಟ್ಟಲೆ ಕಾಯಿಸಿ ನಡೆಯುತ್ತಿದ್ದರೆ, ಅದು ಬಡ್ಡಿ ಕೇಳಲಾಗದವರಿಂದ ಪಡೆದ ಸಾಲವಲ್ಲದೆ ಮತ್ತೇನು? ನಮ್ಮ ಸಭೆಗಳಲ್ಲಿ ಸಾಲದ ಬಗ್ಗೆ ಮಾತಾಡುವಾಗ ಈ ಬಗೆಯ ಸಾಲವನ್ನೂ ಹೆಸರಿಸಿ ಹೇಳಬೇಕೆಂಬುದು ನನ್ನ ಬಯಕೆ. ಅಕ್ಕನಿಗೆ ಹೊಲಿಗೆ ಮುಗಿದ ಸಂಜೆಯೇ ಹಣ ಕೊಡುವುದು ಈಗ ಕ್ರಮವಾಗಿದೆ. ಗಿರಾಕಿ ಕೊಟ್ಟನೋ ಇಲ್ಲವೋ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಅದಕ್ಕೆಂದು ಕೂಲಿಯ ಹಣವನ್ನು ಬೇರೆ ಡಬ್ಬದಲ್ಲಿ ಮೊದಲೇ ತೆಗೆದಿರಿಸುತ್ತೇನೆ.

ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕಹಾಕಲಿ ಎಂದು ಲೂಕನ ಸುವಾರ್ತೆಯಲ್ಲಿ ಯೇಸು ಹೇಳುವ ಮಾತು ಶಿಷ್ಯತ್ವದ ಬೆಲೆಯ ಕುರಿತಾದದ್ದು; ಅದನ್ನು ವ್ಯಾಪಾರಸೂತ್ರವಾಗಿ ಎಳೆಯುವುದು ಸರಿಯಲ್ಲ. ಆದರೂ ಲೆಕ್ಕವನ್ನು ಹಾಕಿಯೇ ಇದ್ದೇನೆ. ಪಿಗ್ಮಿಯಲ್ಲಿ ಯಂತ್ರದ ಬೆಲೆಯ ಅರ್ಧಕ್ಕಿಂತ ತುಸು ಹೆಚ್ಚು ಕೂಡಿದೆ. ಮೋಟಾರಿನ ಯಂತ್ರದ ಆಸೆ ಬಿಟ್ಟು, ಕೈಯಿಂದ ತಿರುಗಿಸುವ ಹಳೆಯದನ್ನೇ ಹುಡುಕುತ್ತಿದ್ದೇನೆ. ಅಲಗನ್ನು ಸಾಣೆ ಹಿಡಿಸುವ ಖರ್ಚು ಮಾತ್ರ ಬೇರೆ. ಅಲ್ಲಿಯವರೆಗೆ ವಾರಕ್ಕೊಮ್ಮೆ ಹೊಲಿದ ಪುಸ್ತಕಗಳನ್ನು ಚೀಲಕ್ಕೆ ತುಂಬಿ ಹಂಪನಕಟ್ಟೆಯ ಮುದ್ರಣಾಲಯವೊಂದಕ್ಕೆ ಒಯ್ದು, ಅಂಚು ಕತ್ತರಿಸಿದ್ದಕ್ಕೆ ಅಲ್ಲಿಯೇ ಹಣ ಕೊಟ್ಟು ಬರುತ್ತೇನೆ. ಕ್ರಿಸ್ಮಸ್ಸಿಗೆ ಮುಂಚೆ ಕೊಡಬೇಕಾದ ಗೀತಪುಸ್ತಕಗಳು ಹಾಗೆಯೇ ಮುಗಿಯಲಿವೆ. ಅದಕ್ಕಿಂತ ಹೆಚ್ಚಿನ ಕೆಲಸವನ್ನು ಈ ವರ್ಷ ಒಪ್ಪಿಕೊಳ್ಳುವುದಿಲ್ಲ.