ಇದ್ರಲ್ಲಿ ತಾರೀಕು ಎಲ್ಲಿದ್ಯೇ?

ಸೋಮವಾರ ರಾತ್ರಿ ಹನ್ನೊಂದು ಗಂಟೆಗೆ ಅಪ್ಪಯ್ಯನ ಫೋನ್ ಬಂತು. ಅಷ್ಟೊತ್ತಿಗೆ ಫೋನ್ ಮಾಡುವವರೇ ಅಲ್ಲ ಅವರು. ಎಂಟೂವರೆಗೆ ಊಟ, ಒಂಬತ್ತಕ್ಕೆ ಹಾಸಿಗೆ. ನನ್ನ ಎದೆ ಧಸಕ್ಕೆಂದಿತು. "ಅಮ್ಮ ಹುಷಾರಿದ್ದಾಳಾ?" ಅಂತ ಕೇಳಿದೆ. ಅದಕ್ಕೆ ಉತ್ತರವೇ ಇಲ್ಲ. ಅವರು ಕೇಳಿದ್ದು ಒಂದೇ ಮಾತು.

"ಇದ್ರಲ್ಲಿ ತಾರೀಕು ಎಲ್ಲಿದ್ಯೇ?"

ಎರಡು ದಿನದ ಹಿಂದೆ, ಶನಿವಾರ, ಹೊಸನಗರದ ಹತ್ತಿರ ಇರುವ ನಮ್ಮೂರಿಗೆ ಹೋಗಿದ್ದೆ. ಮನೆಗೆ ಪೇಪರ್ ಬರುವುದು ನಿಂತು ಒಂದು ತಿಂಗಳಾಗಿತ್ತು. ಬೆಳಗಿನ ಬಸ್ಸಿನಿಂದ ಪೇಪರ್ ಕಟ್ಟು ಇಳಿಸಿಕೊಂಡು ಮನೆಮನೆಗೆ ಹಾಕುತ್ತಿದ್ದ ಹುಡುಗ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದ. ಆ ಜಾಗಕ್ಕೆ ಯಾರೂ ಬರಲಿಲ್ಲ. ತಮ್ಮ ಒಂದು ದೊಡ್ಡ ಫೋನ್ ಕಳಿಸಿ ತನ್ನ ಕೆಲಸ ಮುಗಿಯಿತು ಅಂತ ಕೈತೊಳೆದುಕೊಂಡಿದ್ದ. ಅದು ಕಪಾಟಿನಲ್ಲೇ ಇತ್ತು. ಅದನ್ನು ಹೊರಗೆ ತೆಗೆದು, ಅಂಗಳದ ಮೂಲೆಯಲ್ಲಿ ಟವರ್ ಸಿಗುವ ಜಾಗದಲ್ಲಿ ಕೊಡೆ ಹಿಡಿದು ನಿಂತು, ಸುದ್ದಿಯ ಆ್ಯಪ್ ಒಂದನ್ನು ಹಾಕಿಕೊಟ್ಟೆ.

ಮೊದಲು ಭಾಷೆ ಕೇಳಿತು, ಕನ್ನಡ ಒತ್ತಿದೆ. ಜಿಲ್ಲೆ ಕೇಳಿತು, ಶಿವಮೊಗ್ಗ ಒತ್ತಿದೆ. ಆಮೇಲೆ ನೋಟಿಫಿಕೇಶನ್ ಕಳಿಸಲಾ, ನೀವಿರುವ ಜಾಗ ನೋಡಲಾ, ಫೋನಿನಲ್ಲಿರುವ ನಂಬರುಗಳನ್ನು ನೋಡಲಾ ಅಂತ ಒಂದರ ಹಿಂದೆ ಒಂದು. ಎಲ್ಲದಕ್ಕೂ 'ಅನುಮತಿಸಿ' ಅಂತ ಒತ್ತುತ್ತಾ ಹೋದೆ. ಅಪ್ಪಯ್ಯ ಪಕ್ಕದಲ್ಲಿ ನಿಂತು ಕೇಳಿದರು: "ಪೇಪರ್ ಓದೋಕೆ ನನ್ನ ಹತ್ರ ಯಾರ್ಯಾರ ನಂಬರ್ ಇದೆ ಅಂತ ಯಾಕೆ ಬೇಕು ಅದಕ್ಕೆ?" ನಾನು "ಎಲ್ಲಾ ಆ್ಯಪೂ ಹಾಗೇ ಅಪ್ಪಯ್ಯ" ಅಂದೆ. ಅದು ಉತ್ತರವೇ ಅಲ್ಲ, ಅಲ್ವಾ? 74 ವರ್ಷದ ಮನುಷ್ಯ ಮೊದಲ ದಿನವೇ ಸರಿಯಾದ ಪ್ರಶ್ನೆ ಕೇಳಿದ್ದರು.

ಅಪ್ಪಯ್ಯನಿಗೆ ಪೇಪರಿನಿಂದ ಬೇಕಾದದ್ದು ಮುಖ್ಯವಾಗಿ ಎರಡು. ಅಡಿಕೆ ಧಾರಣೆ, ಮಳೆಗಾಲದಲ್ಲಿ ಲಿಂಗನಮಕ್ಕಿ ಡ್ಯಾಮಿನ ನೀರಿನ ಮಟ್ಟ. ಎರಡನ್ನೂ ಡೈರಿಯಲ್ಲಿ ತಾರೀಕು ಹಾಕಿ ಬರೆದಿಡುತ್ತಾರೆ. ರಾಶಿ ಅಡಿಕೆ ಇಷ್ಟು, ಬೆಟ್ಟೆ ಅಡಿಕೆ ಇಷ್ಟು, ಡ್ಯಾಂ ಇಷ್ಟು. ಅಟ್ಟದ ಟ್ರಂಕಿನಲ್ಲಿ ಅಂಥ ಡೈರಿಗಳ ರಾಶಿಯೇ ಇದೆ. ಮನೆಗೆ ಪೇಪರ್ ನಿಂತ ಮೇಲೂ, ಸೊಸೈಟಿಗೆ ಹೋದಾಗಲೆಲ್ಲ ಅಲ್ಲಿನ ಪೇಪರ್ ನೋಡಿ ಕೈಮೇಲೆ ಬರೆದುಕೊಂಡು ಬಂದು ಡೈರಿಗೆ ಇಳಿಸುತ್ತಿದ್ದರು.

ಈ ನೀರಿನ ಮಟ್ಟದ ಹುಚ್ಚು ಯಾಕೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅಪ್ಪಯ್ಯನಿಗೆ 13 ವರ್ಷ. ನಮ್ಮದು ಮುಳುಗಡೆಯ ಮನೆ, ಹಳೇ ಮನೆ ಆ ಹಿನ್ನೀರಿಗೆ ಹೋಯಿತು. ನೀರು ಯಾವಾಗ ಬರುತ್ತದೆ ಅಂತ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲವಂತೆ. ಈ ವಾರ ಅಂತ ಒಬ್ಬ, ದೀಪಾವಳಿ ಕಳೆದ ಮೇಲೆ ಅಂತ ಇನ್ನೊಬ್ಬ. ಅಜ್ಜ ಮೂರು ಸಲ ಹೆಂಚು ಇಳಿಸಲು ಹೊರಟು ಮೂರು ಸಲವೂ ಸುಮ್ಮನಾದರಂತೆ. ಆ ಮನೆಯ ಬಾಗಿಲು ಈಗಲೂ ನಮ್ಮ ಜಗಲಿಗೆ ಇದೆ. ಹೊಸ ಮನೆಯ ಅಳತೆಗೆ ಕೂಡಿಲ್ಲ, ಮಳೆಗಾಲದಲ್ಲಿ ಕಿರುಗುಟ್ಟುತ್ತದೆ.

ಸೋಮವಾರ ರಾತ್ರಿ ಒಂಬತ್ತಕ್ಕೆ ಆ ಫೋನ್ ಟಣ್ ಅಂದಿದೆ. 'ಲಿಂಗನಮಕ್ಕಿ ಭರ್ತಿಗೆ ಮೂರೇ ಅಡಿ! ಯಾವುದೇ ಕ್ಷಣದಲ್ಲಿ ನೀರು ಹೊರಕ್ಕೆ!' ಕೆಳಗೆ 'ಒಂದು ಗಂಟೆ ಹಿಂದೆ' ಅಂತ ಬೂದು ಬಣ್ಣದ ಸಣ್ಣ ಅಕ್ಷರ. ಅಪ್ಪಯ್ಯ ಮೊದಲು ಮಾಡಿದ ಕೆಲಸ ಅತ್ತೆಗೆ ಫೋನ್. ಅವರ ತಂಗಿ ಇರುವುದು ಗೇರುಸೊಪ್ಪದಿಂದ ಕೆಳಗೆ, ಹೊನ್ನಾವರದ ಕಡೆ ಶರಾವತಿಯ ದಂಡೆಯಲ್ಲಿ. ಇಲ್ಲಿ ಡ್ಯಾಂ ಬಾಗಿಲು ತೆಗೆದರೆ ಜೋಗದಲ್ಲಿ ಧುಮುಕಿ ಆ ನೀರು ಹೋಗುವುದು ಅವರ ತೋಟದ ಬದಿಗೇ. ಅತ್ತೆಗೆ ಮಂಡಿ ನೋವು. ಮನೆಯಲ್ಲಿ ಅವತ್ತು ಒಬ್ಬರೇ. ಎರಡು ಮೂಟೆ ಅಕ್ಕಿಯನ್ನು ಸೇರು ಸೇರಾಗಿ ಡಬ್ಬಿಗೆ ತುಂಬಿ, ಏಣಿ ಹತ್ತಿ ಅಟ್ಟಕ್ಕೆ ಸಾಗಿಸಿದ್ದಾರೆ. ದನಗಳ ಹಗ್ಗ ಬಿಚ್ಚಿ ಗುಡ್ಡದ ಬದಿಗೆ ಹೊಡೆದಿದ್ದಾರೆ.

ಇತ್ತ ಅಪ್ಪಯ್ಯನಿಗೆ ನಿದ್ದೆ ಬರದೆ ಡೈರಿ ತೆರೆದಿದ್ದಾರೆ. ಶನಿವಾರ ಅವರೇ ಬರೆದ ಲೆಕ್ಕದ ಪ್ರಕಾರ ಡ್ಯಾಂ ಪೂರ್ತಿ ತುಂಬುವ 1819 ಅಡಿ ಮಟ್ಟಕ್ಕೆ ಇನ್ನೂ 20ಕ್ಕಿಂತ ಜಾಸ್ತಿ ಅಡಿ ಬೇಕು. ಎರಡು ದಿನದಲ್ಲಿ ಅಷ್ಟು ದೊಡ್ಡ ಕೆರೆ ಅಷ್ಟು ಏರಲು ಸಾಧ್ಯವೇ ಇಲ್ಲ. ಆಗ ನನಗೆ ಫೋನ್ ಮಾಡಿದ್ದು.

ನಾನು ಅದೇ ಸುದ್ದಿಯನ್ನು ನನ್ನ ಫೋನಿನಲ್ಲಿ ಹುಡುಕಿ ತೆರೆದೆ. ಕೆಳಗೆ, ಇನ್ನೂ ಕೆಳಗೆ, ಜಾಹೀರಾತುಗಳನ್ನು ದಾಟಿ ಕೊನೆಯಲ್ಲಿ ತಾರೀಕು ಸಿಕ್ಕಿತು. ಹಿಂದಿನ ಒಂದು ವರ್ಷದ್ದು. ಯಾರೋ ಹಳೆಯದನ್ನು ಮತ್ತೆ ಹಾಕಿದ್ದರು, ಆ 'ಒಂದು ಗಂಟೆ ಹಿಂದೆ' ಅನ್ನುವುದು ಮತ್ತೆ ಹಾಕಿದ ಹೊತ್ತು. ಎರಡು ದಿನ ಅಪ್ಪಯ್ಯ ಲಿಂಗನಮಕ್ಕಿಯ ಸುದ್ದಿಯನ್ನೇ ಒತ್ತಿ ಒತ್ತಿ ಓದಿದ್ದರು. ಇಂಥ ಆ್ಯಪುಗಳು ನಾವು ಏನನ್ನು ಜಾಸ್ತಿ ಒತ್ತುತ್ತೇವೆ ಅಂತ ನೋಡಿಕೊಂಡು ಅಂಥದ್ದನ್ನೇ ಹುಡುಕಿ ತಂದು ಮುಂದಿಡುತ್ತವೆ. ಹೊಸದಾ ಹಳೆಯದಾ ಅನ್ನುವುದು ಅಲ್ಲಿ ಆಮೇಲಿನ ಮಾತು.

ಅತ್ತೆಗೆ ಆ ರಾತ್ರಿಯೇ ತಿಳಿಸಿದೆವು. ಅವರು ಬಯ್ಯಲಿಲ್ಲ. "ಅಣ್ಣಯ್ಯ ಹೇಳಿದ ಮೇಲೆ ಮತ್ತೆ ಯೋಚನೆ ಮಾಡೋಕಾಗುತ್ತಾ?" ಅಂದರು ಅಷ್ಟೇ. ನನಗೆ ಜಾಸ್ತಿ ಚುಚ್ಚಿದ್ದು ಇದು. ಅತ್ತೆ ಆ್ಯಪನ್ನು ನಂಬಿದ್ದಲ್ಲ, ಅಣ್ಣನನ್ನು ನಂಬಿದ್ದು. ಅರುವತ್ತು ವರ್ಷ ಒಂದೂ ಸುಳ್ಳು ಹೇಳದ ಅಣ್ಣನ ಬಾಯಿಂದ, ಎಲ್ಲೋ ಕೂತ ಯಾರೋ ಒಬ್ಬರು ಹಳೇ ಸುದ್ದಿ ಹೇಳಿಸಿಬಿಟ್ಟರು. ಆ ತಲೆಬರಹ ಹಾಕಿದವರಿಗೆ ಹೊಳೆದಂಡೆಯಲ್ಲಿ ಒಬ್ಬ ತಂಗಿ ಇದ್ದಿದ್ದರೆ ಹಾಗೆ ಬರೆಯುತ್ತಿದ್ದರಾ?

ನಮ್ಮ ಮನೆಯವರು "ಈ ವಯಸ್ಸಲ್ಲಿ ಅವರಿಗೆ ಯಾಕೆ ಬೇಕಿತ್ತು ಇದೆಲ್ಲ" ಅಂದರು. ನಾನು ಒಪ್ಪುವುದಿಲ್ಲ. ಪೇಪರ್ ಬಾರದ ಊರಲ್ಲಿ ವಯಸ್ಸಾದವರು ಸುದ್ದಿ ಇಲ್ಲದೆ ಕೂರಬೇಕಾ? ತಪ್ಪಾದದ್ದು ನಾನು ಶುರು ಮಾಡಿಕೊಟ್ಟ ರೀತಿಯಲ್ಲಿ. ಅಪ್ಪಯ್ಯ ಯಾಕೆ ಅಂತ ಕೇಳಿದಾಗಲೇ ನಾನು ಬೆರಳು ನಿಲ್ಲಿಸಬೇಕಿತ್ತು.

ಈ ಶನಿವಾರ ಮತ್ತೆ ಹೋದೆ. ಜಗಲಿಯಲ್ಲಿ ಇಬ್ಬರೂ ಕೂತು ಸೆಟ್ಟಿಂಗ್ಸ್ ತೆಗೆದು ಒಂದೊಂದನ್ನೇ ಓದಿದೆವು. ನೋಟಿಫಿಕೇಶನ್ ಬಂದ್. ನಂಬರು ನೋಡುವ ಅನುಮತಿ, ಜಾಗ ನೋಡುವ ಅನುಮತಿ ಎರಡೂ ವಾಪಸ್. ಅವರು ಓದುತ್ತಿದ್ದ ಪೇಪರಿನದ್ದೇ ಇ-ಪೇಪರ್ ಹಾಕಿಕೊಟ್ಟೆ. ಪುಟಪುಟವಾಗಿ, ಅಚ್ಚಾದ ಹಾಗೇ ಬರುತ್ತದೆ. ಅಪ್ಪಯ್ಯ ಎರಡು ಬೆರಳಿನಲ್ಲಿ ಪುಟ ಹಿಗ್ಗಿಸಿ ಮೊದಲು ನೋಡಿದ್ದು ಮೇಲಿನ ಗೆರೆ. ವಾರ, ತಾರೀಕು ಎರಡನ್ನೂ ಗಟ್ಟಿಯಾಗಿ ಓದಿದರು. ಆಮೇಲೆ ಪೆನ್ನಿನ ಮುಚ್ಚಳ ತೆಗೆದರು.

ಸೋಮವಾರದ ಪುಟದಲ್ಲಿ 'ಮೂರು ಅಡಿ ಬಾಕಿ' ಅಂತ ಬರೆದದ್ದಕ್ಕೆ ಅವರು ಅಡ್ಡಗೆರೆ ಎಳೆದಿದ್ದರು. ಪಕ್ಕದಲ್ಲಿ 'ಹಳೇದು' ಅಂತಿತ್ತು.

ಸಂಜೆ ಅತ್ತೆಗೆ ಫೋನ್ ಮಾಡಿದೆ. ಅಕ್ಕಿ ಇನ್ನೂ ಅಟ್ಟದಲ್ಲೇ ಇದೆಯಂತೆ. ದಿನಾ ಎರಡು ಸೇರು ಇಳಿಸಿಕೊಳ್ಳುತ್ತಾರೆ. ನಾನು ಬಂದು ಕೆಳಗಿಟ್ಟು ಕೊಡುತ್ತೇನೆ ಅಂದೆ. "ಬೇಡ ಮಾರಾಯ್ತಿ, ಮಳೆಗಾಲ ಇನ್ನೂ ಮುಗಿದಿಲ್ಲ" ಅಂದರು.