ಹಾಗಲಕಾಯಿ ಗೊಜ್ಜಿಗೆ ಬಂದ ರಿಜೆಕ್ಷನ್

ಮೊನ್ನೆ ರಾತ್ರಿ ಊಟಕ್ಕೆ ಹಾಗಲಕಾಯಿ ಗೊಜ್ಜು ಮಾಡಿದ್ದೆ. ಮಗ ತಟ್ಟೆ ನೋಡಿದ. ಕುರ್ಚಿಯಲ್ಲಿ ನೆಟ್ಟಗೆ ಕೂತ, ಗಂಟಲು ಸರಿಮಾಡಿಕೊಂಡ, ಆಮೇಲೆ ಗೊಜ್ಜಿಗೇ ಹೇಳುವ ಹಾಗೆ ಹೇಳಿದ: "ಥ್ಯಾಂಕ್ ಯೂ ಫಾರ್ ಯುವರ್ ಇಂಟರೆಸ್ಟ್. ಅನ್‌ಫಾರ್ಚುನೇಟ್ಲಿ, ವಿ ಹ್ಯಾವ್ ಡಿಸೈಡೆಡ್ ಟು ಮೂವ್ ಫಾರ್ವರ್ಡ್ ವಿತ್ ಅದರ್ ಕ್ಯಾಂಡಿಡೇಟ್ಸ್." ಹೇಳಿ ಮೊಸರಿನ ಬಟ್ಟಲು ಎಳೆದುಕೊಂಡ.

ನನ್ನ ಗಂಡನಿಗೆ ಕುಡಿಯುತ್ತಿದ್ದ ನೀರು ನೆತ್ತಿಗೇರಿತು. ನಕ್ಕರು, ನನ್ನ ಮುಖ ನೋಡಿ ನಿಲ್ಲಿಸಿದರು. ನಾನೂ ನಕ್ಕೆ. ನಗದೆ ಏನು ಮಾಡಲಿ? ಎಂಟು ವರ್ಷದ ಹುಡುಗ, ಏಳರ ಮಗ್ಗಿ ಇನ್ನೂ ತಡವರಿಸುತ್ತಾನೆ, ಇದು ಮಾತ್ರ ಒಂದಕ್ಷರ ತಪ್ಪದೆ ಬಾಯಿಪಾಠ. ಕಲಿಸಿದವಳು ನಾನೇ. ನನ್ನ ಕೆಲಸದ ಅರ್ಜಿಗಳಿಗೆ 'ಕ್ಷಮಿಸಿ, ಬೇರೆಯವರನ್ನು ನೋಡಿಕೊಂಡಿದ್ದೇವೆ' ಅಂತ ಇಲ್ಲಿನ ಕಂಪನಿಗಳು ಕಳಿಸುವ ಮೇಲ್‌ನ ಸಾಲು ಅದು. ಸಂಜೆ ಒಲೆ ಮುಂದೆ ಇರುವಾಗ ಫೋನ್ ಟಿಂಗ್ ಅನ್ನುತ್ತದೆ, ನನ್ನ ಕೈ ಒದ್ದೆ, "ಏನ್ ಬಂತು ಓದೋ" ಅನ್ನುತ್ತೇನೆ. ಅವನು ಶಾಲೆಯಲ್ಲಿ ಪಾಠ ಓದುವ ರಾಗದಲ್ಲೇ ಓದುತ್ತಾನೆ. ಹದಿನಾಲ್ಕು ತಿಂಗಳಿಂದ ಓದುತ್ತಿದ್ದಾನೆ.

ಅವತ್ತು ಎಲ್ಲರೂ ಮಲಗಿದ ಮೇಲೆ ಒಂದು ಕೆಲಸಕ್ಕೆ ಬಾರದ ಕೆಲಸ ಮಾಡಿದೆ. ಮೇಲ್ ತೆಗೆದು 'ಅನ್‌ಫಾರ್ಚುನೇಟ್ಲಿ' ಅಂತ ಹುಡುಕಿದೆ. 63 ಬಂದವು. ನಾನು ಹಾಕಿದ ಅರ್ಜಿ 200ರ ಮೇಲಿದೆ. ಅಂದರೆ ಉಳಿದವರು ಅಷ್ಟೂ ಹೇಳಿಲ್ಲ.

ಬೆಂಗಳೂರಲ್ಲಿ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ಅಕೌಂಟ್ಸ್ ನೋಡಿಕೊಂಡವಳು ನಾನು. ಟ್ಯಾಲಿ, ಟಿಡಿಎಸ್, ಜಿಎಸ್‌ಟಿ ಬಂದ ವರ್ಷದ ಆ ಗೋಳು, ಮಾರ್ಚ್ ಕೊನೆಯಲ್ಲಿ ಆಫೀಸಿನಲ್ಲೇ ರಾತ್ರಿ ಊಟ, ಎಲ್ಲ ಆಗಿದೆ. ಕೆನಡಾದ ಒಂಟಾರಿಯೊ ಪ್ರಾಂತ್ಯಕ್ಕೆ ಬಂದ ಮೇಲೆ ಇಲ್ಲಿನ ಮಾರಾಟ ತೆರಿಗೆ ಎಚ್‌ಎಸ್‌ಟಿ ಕಲಿತೆ, ಲೆಕ್ಕ ಬರೆಯುವ ಸಾಫ್ಟ್‌ವೇರ್ ಕ್ವಿಕ್‌ಬುಕ್ಸ್ ಕಲಿತೆ. ಡೆಬಿಟ್ ಕ್ರೆಡಿಟ್ ಇಲ್ಲೂ ಅದೇ ಎಡ, ಅದೇ ಬಲ. ಕ್ಲರ್ಕ್ ಕೆಲಸಕ್ಕೆ ಅರ್ಜಿ ಹಾಕಿದರೆ ನಿಮಗೆ ಅನುಭವ ಜಾಸ್ತಿ ಅನ್ನುತ್ತಾರೆ. ಸ್ವಲ್ಪ ಮೇಲಿನದಕ್ಕೆ ಹಾಕಿದರೆ ಇಲ್ಲಿನ ಅನುಭವ ಇಲ್ಲ ಅನ್ನುತ್ತಾರೆ. ಸದ್ಯಕ್ಕೆ ವಾರಕ್ಕೆ ನಾಲ್ಕು ದಿನ ಒಂದು ದಿನಸಿ ಅಂಗಡಿಯಲ್ಲಿ ಡಬ್ಬ ಜೋಡಿಸುತ್ತೇನೆ, ಗಂಟೆಗೆ 17.60 ಡಾಲರ್, 2025ರ ಅಕ್ಟೋಬರ್‌ನಲ್ಲಿ ಇಲ್ಲಿ ನಿಗದಿಯಾದ ಕನಿಷ್ಠ ಕೂಲಿ. ಇಂಥದ್ದಕ್ಕೆ ಇಲ್ಲಿಯವರು 'ಸರ್ವೈವಲ್ ಜಾಬ್' ಅನ್ನುತ್ತಾರೆ, ಹೊಟ್ಟೆಪಾಡಿನ ಕೆಲಸ. ಡಬ್ಬ ಜೋಡಿಸೋಕೆ ನನಗೆ ನಾಚಿಕೆ ಇಲ್ಲ. ಆದರೆ ಅಮ್ಮನಿಗೆ ಫೋನಿನಲ್ಲಿ ಇನ್ನೂ ಹೇಳಿಲ್ಲ, ಅದು ಯಾಕೆ ಅಂತ ನನಗೇ ಸರಿಯಾಗಿ ಗೊತ್ತಿಲ್ಲ. ಅಮ್ಮ ಪ್ರತಿ ಭಾನುವಾರ ಕೇಳುತ್ತಾಳೆ. "ಕೆನಡಾದಲ್ಲೇ ಕೆಲಸ ಇಲ್ಲ ಅಂದ್ರೆ ಯಾರು ನಂಬ್ತಾರೆ ಕಣೇ?"

ನಂಬಬೇಕು. 2025ರ ಸೆಪ್ಟೆಂಬರ್‌ನಲ್ಲಿ ಈ ದೇಶದ ನಿರುದ್ಯೋಗ ಶೇ 7.1. ಹದಿನೈದರಿಂದ ಇಪ್ಪತ್ತನಾಲ್ಕು ವಯಸ್ಸಿನವರಲ್ಲಿ ಶೇ 14.7. ಪಕ್ಕದ ಮನೆಯಾಕೆಯ ಮಗಳು ಇಲ್ಲೇ ಹುಟ್ಟಿದವಳು, ಇಲ್ಲೇ ಓದಿದವಳು, ಮೂಗಿನಲ್ಲಿ ಇಂಗ್ಲಿಷ್ ಮಾತಾಡುವವಳು. ಡಿಗ್ರಿ ಮುಗಿಸಿ ಹತ್ತು ತಿಂಗಳಾಯಿತು, ಮನೆಯಲ್ಲೇ ಇದ್ದಾಳೆ. ಕಸದ ಡಬ್ಬ ಹೊರಗಿಡುವಾಗ ಸಿಕ್ಕರೆ ನಾವಿಬ್ಬರೂ ಒಬ್ಬರನ್ನೊಬ್ಬರು ಏನೂ ಕೇಳುವುದಿಲ್ಲ. ಹವಾಮಾನ ಮಾತಾಡಿ ಒಳಗೆ ಹೋಗುತ್ತೇವೆ. ಅವಳನ್ನು ನೋಡಿದ ಮೇಲೆ ನನ್ನ ಬಣ್ಣ, ನನ್ನ ಉಚ್ಚಾರಣೆ ಅಂತ ಕೊರಗುವುದು ಸ್ವಲ್ಪ ಕಡಿಮೆ ಆಗಿದೆ. ಪೂರ್ತಿ ಹೋಗಿಲ್ಲ.

2026ರ ಜನವರಿ 1ರಿಂದ ಒಂಟಾರಿಯೊದಲ್ಲಿ ಹೊಸ ನಿಯಮ ಬಂದಿದೆ. ಇಪ್ಪತ್ತೈದು ಜನಕ್ಕಿಂತ ಕಡಿಮೆ ಇರುವ ಕಂಪನಿಗಳಿಗೆ ಇದು ಅನ್ವಯಿಸುವುದಿಲ್ಲ. ಉಳಿದವರು ಕೆಲಸದ ಜಾಹೀರಾತಿನಲ್ಲಿ 'ಕೆನಡಾದ ಅನುಭವ ಬೇಕು' ಅಂತ ಹಾಕುವ ಹಾಗಿಲ್ಲ. ಸಂಬಳ ಎಷ್ಟರಿಂದ ಎಷ್ಟು ಅಂತ ಬರೆಯಬೇಕು. ಕೆಲಸ ನಿಜವಾಗಿ ಖಾಲಿ ಇದೆಯಾ, ಸುಮ್ನೆ ಅರ್ಜಿ ಕೂಡಿಹಾಕೋಕೆ ಕರೆದದ್ದಾ ಅಂತಲೂ ಹೇಳಬೇಕು. ಅರ್ಜಿ ಸೋಸಲು ಎಐ ಬಳಸಿದರೆ ಅದನ್ನೂ ತಿಳಿಸಬೇಕು. ನಿಯಮ ಬಂದ ತಕ್ಷಣ ಎಲ್ಲ ಬದಲಾಯಿತು ಅಂದುಕೊಳ್ಳಬೇಡಿ. ಹೋದ ತಿಂಗಳು ಫೋನಿನಲ್ಲಿ ಮಾತಾಡಿದ ಒಬ್ಬಾಕೆ ಕೆನಡಾದ ಅನುಭವ ಇದೆಯಾ ಅಂತ ಕೇಳಲೇ ಇಲ್ಲ. ಇಲ್ಲಿನ ವೆಂಡರ್‌ಗಳ ಜೊತೆ ವ್ಯವಹಾರ ಮಾಡಿದ್ದೀರಾ ಅಂತ ಕೇಳಿದಳು, ಬಹಳ ಸಿಹಿಯಾಗಿ.

ಆದರೆ ಆ ನಿಯಮದ ಒಂದು ಸಾಲು ನನ್ನನ್ನು ಬಿಡುತ್ತಿಲ್ಲ. ಇಂಟರ್‌ವ್ಯೂ ಮಾಡಿದವರಿಗೆ, ಕೊನೆಯ ಇಂಟರ್‌ವ್ಯೂ ಆದ 45 ದಿನದೊಳಗೆ, ನಿರ್ಧಾರ ಆಗಿದೆಯಾ ಇಲ್ಲವಾ ಅಂತ ತಿಳಿಸಲೇಬೇಕಂತೆ. ಇದನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ನನ್ನ ಅರ್ಜಿಗಳಲ್ಲ. ಪೀಣ್ಯದ ಗೇಟು.

ನಮ್ಮ ಆಫೀಸಿಗೆ ಅಕೌಂಟ್ಸ್ ಅಸಿಸ್ಟೆಂಟ್ ಬೇಕಾಗಿತ್ತು. ನಾನು ಬಾಸ್ ಪಕ್ಕ ಕೂತು ಇಂಟರ್‌ವ್ಯೂ ಮಾಡುತ್ತಿದ್ದೆ. ಹಾಸನದ ಕಡೆಯ ಹುಡುಗಿಯೊಬ್ಬಳು ಬಂದಳು. ಬಿಕಾಂ, ಒಳ್ಳೇ ಮಾರ್ಕ್ಸು, ಬ್ಯಾಂಕ್ ರಿಕನ್ಸಿಲಿಯೇಷನ್ ಕೊಟ್ಟರೆ ಬ್ಯಾಂಕಿನ ಲೆಕ್ಕಕ್ಕೂ ನಮ್ಮ ಪುಸ್ತಕದ ಲೆಕ್ಕಕ್ಕೂ ನನ್ನ ಕಣ್ಣ ಮುಂದೆಯೇ ಹತ್ತು ನಿಮಿಷದಲ್ಲಿ ತಾಳೆ ಹಾಕಿ ತೋರಿಸಿದಳು. ಅವಳ ಬಯೋಡೇಟಾದಲ್ಲಿ ಎಲ್ಲರ ಹಾಗೆ ತಂದೆಯ ಹೆಸರು, ತಂದೆಯ ಉದ್ಯೋಗ, ಮದುವೆ ಆಗಿದೆಯೋ ಇಲ್ಲವೋ, ಎಲ್ಲ ಇತ್ತು. ಬಾಸ್ ಅದನ್ನು ಓದಿ ಕೇಳಿದರು. "ಮನೇಲಿ ಗಂಡು ನೋಡ್ತಿದ್ದಾರಾ? ಮದ್ವೆ ಆದ್ಮೇಲೆ ಬಿಟ್ಟು ಹೋದ್ರೆ ನಮಗೆ ಕಷ್ಟ ಅಲ್ವಾ?" ಆ ಹುಡುಗಿ ನನ್ನ ಕಡೆ ನೋಡಿದಳು. ಆ ಕೋಣೆಯಲ್ಲಿ ಇನ್ನೊಬ್ಬಳು ಹೆಂಗಸು ಅಂತ ನೋಡಿದಳೋ ಏನೋ. ನಾನು ಪೆನ್ನಿನ ಕ್ಯಾಪ್ ಹಾಕಿ ತೆಗೆದು ಮಾಡುತ್ತಿದ್ದೆ.

ಮಧ್ಯಾಹ್ನ ನಾನು ಊಟಕ್ಕೆ ಹೊರಗೆ ಹೋದಾಗ ಸೆಕ್ಯುರಿಟಿ ಕೋಣೆ ಪಕ್ಕ ಅವಳ ಅಪ್ಪ ಬಟ್ಟೆ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತರು. "ಏನಾದ್ರೂ ಆಗುತ್ತಾ ಮೇಡಂ?" ನಾನಂದೆ, "ಹೇಳಿ ಕಳಿಸ್ತೀವಿ."

ಹೇಳಿ ಕಳಿಸಲಿಲ್ಲ. ಅವಳೇ ಮೂರು ಸಲ ಫೋನ್ ಮಾಡಿದಳು. ಮೇಡಂ ಮೀಟಿಂಗ್‌ನಲ್ಲಿ ಇದ್ದಾರೆ ಅಂತ ಹೇಳು ಅಂತ ರಿಸೆಪ್ಷನ್ ಹುಡುಗಿಗೆ ನಾನೇ ಹೇಳಿದ್ದೆ. ನಾನು ಮೀಟಿಂಗ್‌ನಲ್ಲಿ ಇರಲಿಲ್ಲ. ಎಲ್ಲೂ ಹೋಗಿರಲಿಲ್ಲ, ನನ್ನ ಮೇಜಿನ ಹತ್ತಿರವೇ ಇದ್ದೆ. ಇಲ್ಲ ಅನ್ನುವುದು ಕಷ್ಟ ಅನಿಸುತ್ತಿತ್ತು, ಅದಕ್ಕೆ ಏನೂ ಅನ್ನುತ್ತಿರಲಿಲ್ಲ, ಮತ್ತು ಅದನ್ನೇ ಒಳ್ಳೆಯತನ ಅಂದುಕೊಂಡಿದ್ದೆ. ನಮ್ಮಲ್ಲಿ ಬಹಳ ಜನ ಹಾಗೇ ಅಲ್ವಾ? ಮುಖಕ್ಕೆ ಇಲ್ಲ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ ಅಂತ 'ನೋಡೋಣ' ಅನ್ನುತ್ತೇವೆ. ಆ 'ನೋಡೋಣ' ಹಿಡಿದುಕೊಂಡು ಅವರ ಮನೆಯಲ್ಲಿ ಎಷ್ಟು ದಿನ ಕಾಯುತ್ತಾರೆ ಅನ್ನುವುದು ನಮಗೆ ಕಾಣುವುದಿಲ್ಲ.

ಇಲ್ಲಿ ರೆಸ್ಯೂಮೆಯಲ್ಲಿ ಫೋಟೋ ಇಲ್ಲ, ಹುಟ್ಟಿದ ದಿನ ಇಲ್ಲ, ಅಪ್ಪನ ಹೆಸರಿಲ್ಲ. ಮದುವೆ, ಮಕ್ಕಳ ಬಗ್ಗೆ ಇಂಟರ್‌ವ್ಯೂನಲ್ಲಿ ಕೇಳುವ ಹಾಗಿಲ್ಲ, ಮಾನವ ಹಕ್ಕುಗಳ ಕಾನೂನು ಇದೆ. ಮೊದಲ ಸಲ ಅಪ್ಪನ ಹೆಸರು ತೆಗೆದು ರೆಸ್ಯೂಮೆ ಸೇವ್ ಮಾಡಿದಾಗ ಏನೋ ಕಳಕೊಂಡ ಹಾಗಿತ್ತು. ಈಗ ಹಗುರ ಅನಿಸುತ್ತದೆ. ಆದರೂ ಕೆಲಸ ಸಿಕ್ಕಿಲ್ಲ, ಅದು ಬೇರೆ ಮಾತು. ಇಲ್ಲಿಯವರು ಒಳ್ಳೆಯವರು, ನಾವು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಉತ್ತರ ಕೊಡಿ ಅಂತ ಇಲ್ಲೂ ಕಾನೂನು ಮಾಡಬೇಕಾಯಿತು ಅಂದರೆ ಇಲ್ಲಿಯ ಮೇಜುಗಳ ಹಿಂದೆಯೂ ನನ್ನಂಥವರು ತುಂಬಾ ಜನ ಕೂತಿದ್ದರು ಅಂತಲೇ ಅರ್ಥ.

ಮಗನನ್ನು ಬೈಯಬೇಕು ಅಂತ ಗಂಡ ಅಂದರು. ಬೈಯಲಿಲ್ಲ. ಮಾರನೇ ದಿನ ಆ ಗೊಜ್ಜನ್ನು ನಾನೇ ಚಪಾತಿಗೆ ಹಚ್ಚಿಕೊಂಡು ತಿಂದು ಅಂಗಡಿಗೆ ಹೋದೆ. ಬಂದು ನೋಡಿದರೆ ಫ್ರಿಜ್ ಮೇಲಿನ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಗೀಟು ಹಾಕಿದ್ದ. ನನಗೆ ಮೂರು ವಾರದ ಹಿಂದೆ ಒಂದು ಇಂಟರ್‌ವ್ಯೂ ಆಗಿದೆ, ಚೆನ್ನಾಗೇ ಆಯಿತು ಅನ್ನಿಸಿತ್ತು. ಅಪ್ಪ ಅಮ್ಮ 45 ದಿನದ ಮಾತು ಆಡುತ್ತಿದ್ದದ್ದನ್ನು ಕೇಳಿಸಿಕೊಂಡು ಅವನೇ ಎಣಿಸಿ, ಕೊನೆಯ ದಿನಕ್ಕೆ ಒಂದು ಗುಂಡಗಿನ ಸುತ್ತು ಹಾಕಿದ್ದಾನೆ.

"ಅವತ್ತು ಶನಿವಾರ ಅಮ್ಮ, ನಂಗೆ ರಜ" ಅಂದ. "ಮೇಲ್ ಬಂದ್ರೆ ನಾನೇ ಓದ್ತೀನಿ. ನೀನು ಓದ್ಬೇಡ."